ಕೈಗೋಡೆಯ ಮೇಲಿಲ್ಲದ ಕೈಗಳು

ಮೇಲ್ಕೋಡಿ
ಏರಿಕೆಯ ಅರವತ್ತಮೂರನೆಯ ವರ್ಷ, ಎರಡನೆಯ ಬೇಸಿಗೆಯ ಕೊನೆಯ ವಾರ

ನೂರೈವತ್ತು ವರ್ಷ ಹಿಂದಿರುವ ನಿಮಗೆ,

ಮೇಲಿನ ದಿನಾಂಕ ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನಿಮಗೆ ಬೇಸಿಗೆ ವರ್ಷಕ್ಕೊಂದೇ ಇತ್ತಂತೆ. ನಮಗೆ ಎರಡು, ನಡುವೆ ಕೆಲವು ವಾರ ಅವಸರದ ಮಳೆ. ಕಡಲು ಕುಂದಾಪುರದ ಸುತ್ತಿನ ಊರುಗಳನ್ನು ತೆಗೆದುಕೊಂಡ ಮೇಲೆ ನಮ್ಮ ಹಿರಿಯರು ಘಟ್ಟ ಹತ್ತಿ, ಘಟ್ಟವನ್ನೂ ದಾಟಿ, ತುಂಗಭದ್ರೆಯ ಈ ಒಣ ಬಯಲಿಗೆ ಬಂದರು. ಆ ವರ್ಷವನ್ನು ಏರಿಕೆ ಎನ್ನುತ್ತೇವೆ, ಅಲ್ಲಿಂದಲೇ ಕಾಲ ಎಣಿಸುತ್ತೇವೆ. ಬಿಟ್ಟುಬಂದ ಕೋಡಿ ಎಂಬ ಊರಿನ ಹೆಸರಿಗೆ ಒಂದು 'ಮೇಲ್' ಸೇರಿಸಿ ಹೊಸ ಊರಿಗೆ ಇಟ್ಟರು. ಇಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಅಲ್ಲಿನ ಹೊಳೆಗಳ ಹೆಸರಿಡುವುದು ನಮ್ಮ ರೂಢಿ. ನಾನು ವಾರಾಹಿ. ನನ್ನ ಮಗಳು ಸೌಪರ್ಣಿಕೆ, ಮನೆಯಲ್ಲಿ ಸೌಪ. ನಾವಿಬ್ಬರೂ ನಮ್ಮ ಹೆಸರಿನ ಹೊಳೆಯನ್ನು ಕಂಡವರಲ್ಲ.

ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕನ್ನಡ ನಮಗೆ ಹಳೆಯ ಕನ್ನಡ. ನಾನು ಅದನ್ನು ಕಲಿತದ್ದು ನಿಮ್ಮ ಕಾಲದ ಕವಿತೆಗಳಿಂದ. ಮೇಲ್ಪಾಠದ ಎರಡು ವರ್ಷ, ಅಂದರೆ ನೀವು ಸ್ನಾತಕೋತ್ತರ ಎನ್ನುತ್ತಿದ್ದ ಓದಿನಲ್ಲಿ, ಅವನ್ನೇ ಓದಿದೆ, ಆಮೇಲೂ ಬಿಟ್ಟಿಲ್ಲ. ಹಾಗಾಗಿ ಬೆಳದಿಂಗಳಿಗೆ ನನಗೆ ನಾಲ್ಕಾರು ಪದ ಗೊತ್ತು, ಔಷಧಿ ಅಂಗಡಿಯಲ್ಲಿ ನಿಂತು ನೀವು ಹೇಗೆ ಕೇಳುತ್ತಿದ್ದಿರಿ ಎಂಬುದು ಗೊತ್ತಿಲ್ಲ. ಈ ಪತ್ರ ನಿಮಗೆ ಹೇಗೆ ತಲುಪೀತು ಎಂಬುದೂ ಗೊತ್ತಿಲ್ಲ. ನಿಮ್ಮ ಕವಿಗಳು ನನ್ನ ವಿಳಾಸ ತಿಳಿಯದೆಯೇ ನನಗೆ ಬರೆದಿದ್ದರು, ಅದು ತಲುಪಿತು. ಅದೇ ಧೈರ್ಯದಲ್ಲಿ ಉತ್ತರ ಬರೆಯುತ್ತಿದ್ದೇನೆ.

ವಿಷಯ ಕವಿತೆಯದಲ್ಲ. ನೀವು ರುಮಟಾಯ್ಡ್ ಸಂಧಿವಾತ ಎಂದು ಕರೆಯುತ್ತಿದ್ದ ಕಾಯಿಲೆಯದು. ನಾವು ಅದನ್ನು ಬಿಗಿ ಎನ್ನುತ್ತೇವೆ. ಬೆಳಗ್ಗೆ ಎದ್ದಾಗ ಬೆರಳುಗಳು ಯಾರೋ ರಾತ್ರಿಯಿಡೀ ದಾರ ಸುತ್ತಿಟ್ಟ ಹಾಗೆ ಬಿಗಿದಿರುತ್ತವಲ್ಲ, ಅದರಿಂದ ಬಂದ ಹೆಸರು. ಮೈಯನ್ನು ಕಾಯಬೇಕಾದ ಪಡೆ ತಪ್ಪು ತಿಳಿದು ತನ್ನದೇ ಗಂಟುಗಳ ಮೇಲೆ ಬೀಳುತ್ತದೆ ಎಂದು ನಿಮ್ಮವರೇ ಕಂಡುಹಿಡಿದಿದ್ದರು. ಗಂಟುಗಳಲ್ಲಿ ಹತ್ತಿದ ಬೆಂಕಿ ಅಲ್ಲಿಗೇ ನಿಲ್ಲುವುದಿಲ್ಲ, ರಕ್ತನಾಳಗಳಲ್ಲಿ, ಹೃದಯದಲ್ಲಿ, ಶ್ವಾಸಕೋಶದಲ್ಲಿ ಸದ್ದಿಲ್ಲದೆ ಉರಿಯುತ್ತದೆ ಎಂಬುದನ್ನೂ ಕಂಡುಹಿಡಿದಿದ್ದರು. ನಿಮ್ಮ ಅಜ್ಜಿಯರ ಕಾಲದಲ್ಲಿ ಈ ಕಾಯಿಲೆಯವರು ಉಳಿದವರಿಗಿಂತ ಹಲವು ವರ್ಷ ಮೊದಲೇ ಸಾಯುತ್ತಿದ್ದರು. ನಿಮ್ಮ ಕಾಲಕ್ಕೆ ಆ ಅಂತರ ಕಿರಿದಾಗುತ್ತ ಬಂದಿತ್ತು. ಹಲವು ದೇಶಗಳಲ್ಲಿ ಎಣಿಸಿ ನೋಡಿದವರು ಹಾಗೆಂದು ಬರೆದಿದ್ದಾರೆ. ಕಿರಿದಾಗಿತ್ತು, ಮುಚ್ಚಿರಲಿಲ್ಲ. ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಎರಡು ಗೆರೆಗಳು, ಬಿಗಿ ಇದ್ದವರ ಆಯುಸ್ಸಿನದು ಮತ್ತು ಇಲ್ಲದವರದು, ಒಂದಕ್ಕೊಂದು ತಾಗಿದವಂತೆ. ಅದರ ಸಂತೋಷಕ್ಕೆ ಇನ್ನು ಈ ಎರಡನ್ನು ಬೇರೆಬೇರೆಯಾಗಿ ಎಣಿಸುವ ಅಗತ್ಯವಿಲ್ಲ ಎಂದು ತೀರ್ಮಾನಿಸಿದರು. ಆಮೇಲೆ ಕಡಲು ಬಂತು.

ನಮ್ಮ ಊರು ಕ್ರೂರವಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದನ್ನು ನೀವು ತಪ್ಪಾಗಿ ತಿಳಿಯುತ್ತೀರಿ. ಬಿಗಿ ಇರುವವರ ಮನೆಯ ಬಾಗಿಲಿಗೆ ಚಿಲಕದ ಬದಲು ಮೊಣಕೈಯಿಂದ ತಳ್ಳುವ ಹಲಗೆ ಇರುತ್ತದೆ. ನೀರಿನ ಕೊಡಕ್ಕೆ ಎರಡು ಅಗಲವಾದ ಕಿವಿ ಇರುತ್ತವೆ. ಹೊತ್ತು ಮೂಡಿದ ಮೇಲೆ ಒಂದಷ್ಟು ಸಮಯವನ್ನು ಬಿಗಿಹೊತ್ತು ಎನ್ನುತ್ತೇವೆ; ಆಗ ಅಂಥ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ, ಸಾವಿನ ಸುದ್ದಿಯಾದರೂ ಅಂಗಳದಲ್ಲಿ ಕಾಯುತ್ತದೆ. ಒಳಗೆ ಕೈಗಳು ಬಿಸಿ ಮರಳಿನ ಚೀಲಗಳ ನಡುವೆ ಕೂತು ಸಡಿಲವಾಗುವವರೆಗೆ ಲೋಕ ಹೊರಗೆ ನಿಂತಿರುತ್ತದೆ. ನಾನು ನನ್ನ ಮೂವತ್ತನೆಯ ವಯಸ್ಸಿನಿಂದ ಹೀಗೆ ಬೆಳಗುಗಳನ್ನು ಕಳೆದಿದ್ದೇನೆ. ಕವಿತೆ ಓದಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಪುಟ ತಿರುಗಿಸಲಾಗದ ಕಾರಣ ಒಂದೇ ಪುಟವನ್ನು ಮತ್ತೆ ಮತ್ತೆ ಓದುತ್ತೇವೆ. ನೋವಿನ ಬಗ್ಗೆ ನಮ್ಮ ಊರಿಗೆ ಅಷ್ಟು ಮರ್ಯಾದೆ. ಆ ನೋವು ಕೊಲ್ಲುತ್ತದೆ ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಈಗ ಕೈಗೋಡೆಯ ಬಗ್ಗೆ ಹೇಳಬೇಕು. ನಮ್ಮವರು ಕರಾವಳಿಯಲ್ಲಿ ಹೆಂಚು ಸುಡುತ್ತಿದ್ದ ಜನ. ಇಲ್ಲಿ ಹೊಳೆಯ ಹೂಳು ಬೇಕಾದಷ್ಟಿದೆ, ಕೈ ಮರೆತಿರಲಿಲ್ಲ. ಯಾರಾದರೂ ಸತ್ತರೆ, ಮೈ ತಣ್ಣಗಾಗುವ ಮೊದಲು ಅವರ ಬಲಗೈಯನ್ನು ಹಸಿ ಹೆಂಚಿನ ಮೇಲೆ ಒತ್ತುತ್ತೇವೆ. ಅದನ್ನು ಸುಟ್ಟು, ಹೆಸರು ಮತ್ತು ವಯಸ್ಸು ಕೊರೆದು, ಸಾವಿನ ಕಾರಣಕ್ಕೆ ಒಂದು ಗುರುತು ಹಾಕಿ ಊರ ನಡುವಿನ ಗೋಡೆಗೆ ಸೇರಿಸುತ್ತೇವೆ. ಎದೆಗೆ ಒಂದು ಚುಕ್ಕೆ, ಉಸಿರಿಗೆ ಅಲೆ, ಜ್ವರಕ್ಕೆ ಅಡ್ಡಗೆರೆ, ಹೀಗೆ. ಒಂದು ವರ್ಷಕ್ಕೆ ಒಂದು ಸಾಲು. ಕೈ ಒತ್ತುವ ಕೆಲಸ ಹೆಂಗಸರದು, ಬಾಗಿಲು ಮುಚ್ಚಿ ಮಾಡುತ್ತಾರೆ. ಸತ್ತವರ ಮಕ್ಕಳು ಮತ್ತು ಗಂಡಸರು ಹೊರಗಿರಬೇಕು. ವರ್ಷಕ್ಕೊಮ್ಮೆ, ಸತ್ತ ದಿನ, ಮನೆಯವರು ಹೋಗಿ ಆ ಅಚ್ಚಿನೊಳಗೆ ತಮ್ಮ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಲ್ಲುತ್ತಾರೆ. ನಮಗೆ ಬೇರೆ ಶ್ರಾದ್ಧವಿಲ್ಲ. ನನ್ನ ಅಮ್ಮ ಗುಲಾಬಿ ಐವತ್ತನಾಲ್ಕಕ್ಕೆ ಹೋದಳು. ಹೆಂಚಿನ ಮೇಲೆ ಎದೆಯ ಚುಕ್ಕೆ ಇದೆ. ಇಪ್ಪತ್ತು ವರ್ಷ ನಾನು ಅವಳ ಅಂಗೈಯಲ್ಲಿ ಅಂಗೈ ಇಟ್ಟು ನಿಂತಿದ್ದೇನೆ. ನನ್ನ ಬೆರಳುಗಳು ಬಾಗುತ್ತ ಹೋದಂತೆ ಅವು ಅಚ್ಚಿನಲ್ಲಿ ಕೂರುತ್ತಿರಲಿಲ್ಲ, ಕೊನೆಗೆ ಬರೀ ಗೆಣ್ಣುಗಳನ್ನು ತಾಗಿಸಿ ಬರುತ್ತಿದ್ದೆ. ಅಮ್ಮನ ಬೆರಳುಗಳು ಅಚ್ಚಿನಲ್ಲಿ ನೇರವಾಗಿದ್ದವು. ಬದುಕಿದ್ದಾಗ ಅವು ನೇರವಾಗಿರಲಿಲ್ಲ. ಸಾವು ಬಂದು ಬಿಡಿಸಿತು ಎಂದುಕೊಂಡಿದ್ದೆ. ಅದೊಂದು ಸಮಾಧಾನವಾಗಿತ್ತು.

ಕಳೆದ ವರ್ಷದ ಮೊದಲ ಬೇಸಿಗೆಯಲ್ಲಿ ಸೌಪ, ಇಪ್ಪತ್ತು ತುಂಬಿದವಳು, ಬೆಳಗ್ಗೆ ಜಡೆ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು. ಸೆಖೆ ಎಂದಳು. ಕೂದಲು ಕತ್ತರಿಸಿಕೊಂಡಳು. ಒಂದು ದಿನ ನಾನು ಮರಳಿನ ಚೀಲ ತೆಗೆದುಕೊಳ್ಳಲು ಕೈ ಚಾಚಿದರೆ ಅದು ಅವಳ ಮಡಿಲಲ್ಲಿತ್ತು. "ಅಮ್ಮ, ನಿಂಗ್ ಇನ್ನೊಂದ್ ಬಿಸಿ ಮಾಡ್ತೆ, ತಡಿ" ಎಂದಳು, ಏನೂ ಆಗದವಳ ಹಾಗೆ. ಒಂದು ಮನೆಯಲ್ಲಿ ಬಿಗಿಹೊತ್ತು ಇಬ್ಬರಿಗಾಯಿತು.

ಮದ್ದು ಇರಲಿಲ್ಲವೆಂದಲ್ಲ. ಇತ್ತು. ತಡೆಮದ್ದು ಎಂದು ಹೆಸರು. ನಿಮ್ಮ ಕಾಲದಲ್ಲಿ ಚುಚ್ಚಿಕೊಳ್ಳುತ್ತಿದ್ದ ಔಷಧಿಯ ಮರಿಮಗಳು ಅದು. ತಿರುಗಿಬಿದ್ದ ಪಡೆಯನ್ನು ತಡೆದು ನಿಲ್ಲಿಸುತ್ತದೆ. ಅದನ್ನು ಯಂತ್ರ ಮಾಡುವುದಿಲ್ಲ, ಜೀವಕೋಶಗಳು ಮಾಡುತ್ತವೆ. ಮೊಸರಿಗೆ ಹೆಪ್ಪು ಉಳಿಸಿಕೊಳ್ಳುವ ಹಾಗೆ ಮೂಡಣದ ನಗರದವರು ಆ ಕೋಶಗಳ ಹೆಪ್ಪನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದರು. ಅಲ್ಲಿಂದ ನಮಗೆ ವರ್ಷಕ್ಕೆ ಎರಡು ಸಲ ತಂಪುಗಾಡಿ ಬರುತ್ತದೆ, ಬಿಸಿಲಿನಿಂದಲೇ ನಡೆಯುವ, ಒಳಗೆ ತಣ್ಣನೆಯ ಪೆಟ್ಟಿಗೆಯಿರುವ ಗಾಡಿ. ಪೆಟ್ಟಿಗೆ ಸಣ್ಣದು. ಮಕ್ಕಳ ಜ್ವರದ ಚುಚ್ಚುಮದ್ದು, ಹಾವಿನ ಮದ್ದು, ಹೆರಿಗೆಯ ಮದ್ದು, ಎಲ್ಲವೂ ಅದರಲ್ಲೇ ಬರಬೇಕು. ಅಮ್ಮ ಸಾಯುವುದಕ್ಕೆ ಕೆಲವು ವರ್ಷ ಮೊದಲೇ ಊರಕೂಟ ತಡೆಮದ್ದನ್ನು ಪೆಟ್ಟಿಗೆಯಿಂದ ಕೈಬಿಟ್ಟಿತ್ತು. ಕಾರಣ ಸರಳ. ಕೊಲ್ಲುವ ಕಾಯಿಲೆಗಳಿಗೆ ಮೊದಲು ಜಾಗ, ನೋಯಿಸುವವಕ್ಕೆ ಆಮೇಲೆ.

ಸೌಪಳಿಗಾಗಿ ನಾನು ಊರಕೂಟದ ಮುಂದೆ ನಿಂತೆ. ನಮ್ಮ ಗುರಿಕಾರರು, ಅಂದರೆ ಊರಿನ ಮುಖ್ಯಸ್ಥರು, ಹೆರಿಯಣ್ಣ. ಒಳ್ಳೆಯ ಮನುಷ್ಯ, ಹೆಂಡತಿ ಚಂದು ತೀರಿಕೊಂಡ ಮೇಲೆ ಮತ್ತೆ ಮದುವೆಯಾಗದೆ ಊರಿನ ಕೆಲಸವನ್ನೇ ಸಂಸಾರ ಮಾಡಿಕೊಂಡವರು. ನಾನು ಓದಿದ್ದನ್ನೆಲ್ಲ ಹೇಳಿದೆ. ನಿಮ್ಮವರ ಲೆಕ್ಕ, ಗೆರೆಗಳು ಹತ್ತಿರವಾದದ್ದು, ಮದ್ದು ನಿಂತರೆ ಮತ್ತೆ ದೂರವಾಗುತ್ತವೆ ಎಂಬುದು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ವಾರಾಹಿ, ಸಿಟ್ಟ್ ಮಾಡ್ಕಣ್ಬೇಡ. ನೋವ್ ಇಲ್ಲೆ ಅಂದೇಳಿ ನಾ ಹೇಳುದಿಲ್ಲೆ. ಆರೆ ಪೆಟ್ಗಿಯಂಗೆ ಜಾಗ ಇಪ್ಪುದೇ ಅಷ್ಟ್. ಒಂದ್ ಮಗಿನ್ ಜ್ವರದ್ ಮದ್ದ್ ತೆಗ್ದ್ ನಿನ್ ಮದ್ದ್ ಇಡ್ಕಾ? ಬಿಗಿಯಿಂದ ಸತ್ತರ್ದ್ ಒಂದ್ ಕೈ, ಒಂದೇ ಒಂದ್ ಕೈ ಗ್ವಾಡೆ ಮೇಲ್ ತೋರ್ಸ್, ಕಾಂಬ" ಎಂದರು. ಹಿಂದಿನಿಂದ ಯಾರೋ, "ಪದ್ಯ ಓದ್ವರಿಗ್ ಎಲ್ಲದ್ರಂಗೂ ಸಾವೇ ಕಾಂಬುದ್" ಎಂದರು. ನಗು ಬಂತು. ನಾನೂ ನಕ್ಕೆ. ಮಾತು ಸುಳ್ಳಾಗಿರಲಿಲ್ಲ.

ಗುರಿಕಾರರು ಕೇಳಿದ ಒಂದು ಕೈಯನ್ನು ಹುಡುಕಲು ಹೋದೆ. ಬಾಗಿದ ಬೆರಳುಗಳ ಅಚ್ಚು, ಹೊರಚಾಚಿದ ಗೆಣ್ಣು, ಏನಾದರೊಂದು ಸಿಗಬೇಕಿತ್ತು. ಸಾಲು ಸಾಲು ನೋಡಿದೆ. ಮುದುಕರ ಕೈ, ಎಳೆಯರ ಕೈ, ಆರು ಬೆರಳಿನ ಕೈ, ಬೆರಳು ಕಡಿದುಹೋದ ಕೈ ಎಲ್ಲ ಇದ್ದವು. ಬಾಗಿದ ಕೈ ಒಂದೂ ಇರಲಿಲ್ಲ. ಬಿಗಿ ಇದ್ದವರೆಂದು ನನಗೇ ಗೊತ್ತಿದ್ದವರ ಹೆಂಚುಗಳಲ್ಲೂ ಬೆರಳುಗಳು ಐದು ಕಡ್ಡಿಗಳಂತೆ ನೇರ. ಕಣ್ಣು ಸೋತು, ಗೆಣ್ಣಿನಿಂದ ಸವರುತ್ತ ಹೋದೆ. ಅಮ್ಮನ ಅಚ್ಚಿನ ಅಂಗೈ ನಡುವೆ ಓರೆಯಾಗಿ ಒಂದು ಏಣು, ಅಂದರೆ ಉಬ್ಬಿದ ಗೆರೆ, ಇದೆ. ಇಪ್ಪತ್ತು ವರ್ಷದಿಂದ ನನ್ನ ಚರ್ಮಕ್ಕೆ ಗೊತ್ತಿರುವ ಏಣು. ಅದೇ ಏಣು ಕೆಳಗಿನ ಕೇರಿಯ ಒಬ್ಬಳ ಹೆಂಚಿನಲ್ಲಿ ಸಿಕ್ಕಿತು. ಇನ್ನೆರಡು ಸಾಲು ದಾಟಿ ಮತ್ತೊಬ್ಬಳದರಲ್ಲಿ. ಆಮೇಲೆ ಇನ್ನೊಂದರಲ್ಲಿ, ಹೀಗೆ ಒಟ್ಟು ಹನ್ನೊಂದರಲ್ಲಿ. ಒಂದೇ ಕೈ, ಬೇರೆ ಬೇರೆ ಹೆಸರು, ಬೇರೆ ಬೇರೆ ವರ್ಷ. ಮತ್ತೆ ಅಮ್ಮನ ಹೆಂಚಿಗೆ ಹೋಗಿ ಗೆಣ್ಣು ತಾಗಿಸಿ ನೋಡಿದೆ.

ಅಲ್ಲಿಂದ ಹತ್ತಿರ ನನ್ನ ಚಿಕ್ಕಿಯ ಮನೆ, ಅಮ್ಮನ ತಂಗಿ ಅಕ್ಕಣಿ. ಎಪ್ಪತ್ತು ದಾಟಿದ್ದರೂ ಗಟ್ಟಿ ಆಳು. ಕರಾವಳಿಯನ್ನು ಕಣ್ಣಾರೆ ಕಂಡವರಲ್ಲಿ ಉಳಿದ ಕೆಲವರಲ್ಲಿ ಒಬ್ಬಳು. ನನ್ನ ಮುಖ ನೋಡಿ ಗಂಜಿತಿಳಿ ತಂದು, ನನ್ನ ಎರಡೂ ಕೈಗಳ ನಡುವೆ ಲೋಟ ಇಡಲು ತನ್ನ ಬಲಗೈ ಬಿಡಿಸಿದಳು. ಅಂಗೈ ನಡುವೆ ಓರೆಯಾಗಿ ಹಳೆಯ ಗಾಯದ ಕುಳಿ. ಚಿಕ್ಕವಳಿದ್ದಾಗ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವಾಗ ಅದರ ಚಿಪ್ಪು ಸೀಳಿದ್ದು. ಆ ಕಥೆಯನ್ನು ಬಾಲ್ಯದಲ್ಲಿ ಎಷ್ಟು ಸಲ ಕೇಳಿದ್ದೆನೋ. ಅಂಗೈಯಲ್ಲಿ ಕುಳಿಯಾದದ್ದು ಅಚ್ಚಿನಲ್ಲಿ ಏಣಾಗುತ್ತದೆ. ನಾನು ಆ ಕೈಯನ್ನೇ ನೋಡುತ್ತಿದ್ದೆ. "ಎಂತ ಹೆಣೆ, ನನ್ ಅಂಗೈಯಂಗೆ ನಿನ್ ಜಾತಕ ಬರ್ದಿತ್ತಾ, ಹಾಂಗ್ ಕಾಂತೆ?" ಎಂದಳು. ಇದು ಅಮ್ಮನ ಕೈ ಎಂದೆ. ಅವಳ ನಗು ಅಲ್ಲಿಗೇ ನಿಂತಿತು.

ಆಮೇಲೆ ಹೇಳಿದಳು. "ನಿನ್ನಬ್ಬಿ ಕೈ ಹಕ್ಕಿ ಕಾಲಿನ್ ಹಾಂಗ್ ಮುರ್ಟಿ ಹೋಯಿತ್ತ್. ಬಿಸಿ ಎಣ್ಣಿ ಹಾಕ್ ತಿಕ್ಕಿದ್ರೂ ಬಿಡ್ಸೂಕ್ ಆಯಿಲ್ಲೆ. ಅದನ್ನ್ ಹೆಂಚಿನ್ ಮೇಲ್ ಒತ್ತಿ ಇಟ್ರೆ ನೀ ವರ್ಷ ವರ್ಷ ಕಂಡ್ ಕಣ್ಣೀರ್ ಹಾಕ್ ಮರ್ಕುದಲ್ದಾ? ಪಾಪ ಅನ್ಸ್ತ್. ನನ್ ಕೈಯೇ ಒತ್ದೆ." ಅಮ್ಮನಿಗೂ ಮೊದಲೇ ಒಂದು ಮನೆಯಲ್ಲಿ ಹೀಗೆ ಮಾಡಿದ್ದಳಂತೆ, ಅದು ಹೆಂಗಸರ ನಡುವೆ ಮನೆಯಿಂದ ಮನೆಗೆ ಹೋಯಿತು. ಯಾರದಾದರೂ ಕೈ ಬಿಗಿಯಿಂದ ಬಾಗಿದ್ದರೆ ಅಕ್ಕಣಿಯನ್ನು ಕರೆಯುತ್ತಿದ್ದರು. ಹೊರಗೆ ಹೇಳುವುದಿಲ್ಲ ಎಂದು ಪ್ರತಿ ಮನೆಗೂ ಮಾತು ಕೊಟ್ಟಿದ್ದಳು. "ಸತ್ತರ್ ಮನಿಯರ್ ಕೇಂಡ್ರೆ ಇಲ್ಲೆ ಅಂಬೂಕ್ ಆತ್ತಾ? ನನ್ ಕೈ ಹನ್ನೊಂದ್ ಸಲ ಸತ್ತಿತ್ತ್ ಹೆಣೆ. ಯಮ ಬಂದ್ರೂ ಇವ್ಳ್ ಲೆಕ್ಕ ಆಯ್ತಲೆ ಅಂದೇಳಿ ವಾಪಸ್ ಹೋತ್ನೋ ಏನೋ" ಎಂದು ತಾನೇ ನಗಲು ನೋಡಿದಳು. ಇಪ್ಪತ್ತು ವರ್ಷ ನಾನು ಅಮ್ಮನೆಂದು ಮುಟ್ಟಿದ್ದು, ಎರಡು ಬೀದಿ ಆಚೆ ಬದುಕಿದ್ದ ಈ ಕೈಯನ್ನು. ಸಿಟ್ಟು ಬರಲಿಲ್ಲ. ಅಮ್ಮ ಎರಡನೆಯ ಸಲ ಹೋದಳು ಅನಿಸಿತು, ಅಷ್ಟೆ.

ಕೂಟದ ಮುಂದೆ ಬಂದು ಹೇಳು ಎಂದೆ. ಅವಳು ಒಪ್ಪಲಿಲ್ಲ. "ಮಾತ್ ಕೊಟ್ಟದ್ದ್. ಹೇಳೂಕ್ ಆತ್ತಿಲ್ಲೆ. ಹನ್ನೊಂದ್ ಮನಿಯರ್ ಪ್ರತೀ ವರ್ಷ ಅಲ್ಲ್ ಹೋಯಿ ಕೈ ಇಡ್ತ್ರ್. ಅವ್ರ ಕೈಯಿಂದ ಸತ್ತರ್ ಕೈ ಕಸ್ಕಣ್ಕಾ?" ನಾನು ಒಲೆಯಿಂದ ಇದ್ದಿಲ ತುಂಡೊಂದನ್ನು ಎರಡು ಕೈಗಳ ನಡುವೆ ಹಿಡಿದು ಅಂಗಳದ ಕಲ್ಲಿನ ಮೇಲೆ ಗೆರೆ ಎಳೆದೆ. ಏರಿಕೆಯ ನಂತರ ಊರಿನಲ್ಲಿ ಸತ್ತವರ ವಯಸ್ಸು ದಶಕದಿಂದ ದಶಕಕ್ಕೆ ನಿಧಾನವಾಗಿ ಮೇಲೇರಿತ್ತು. ನೀರು ಸಿಕ್ಕಿತು, ಬೆಳೆ ಬಂತು, ಜನ ಹೆಚ್ಚು ಬದುಕಿದರು. ಅದು ಮೇಲಿನ ಗೆರೆ. "ಇದೆಂತ, ರಂಗೋಲಿಯಾ? ಎರ್ಡೇ ಗೆರೆಯಾ?" ಎಂದಳು. ಎರಡನೆಯದು ನಿನ್ನ ಕೈಯದು ಚಿಕ್ಕಿ, ಎಂದೆ. ಅವಳ ಅಂಗೈ ಇರುವ ಹೆಂಚುಗಳ ವಯಸ್ಸನ್ನು ಒಂದೊಂದಾಗಿ ಇಟ್ಟೆ. ಮೊದಲ ಹೆಂಚು, ಮದ್ದು ಇನ್ನೂ ಬರುತ್ತಿದ್ದ ವರ್ಷದ್ದು, ಮೇಲಿನ ಗೆರೆಯ ಹತ್ತಿರವೇ ನಿಂತಿತು. ಆಮೇಲಿನವು ಇಳಿಯತೊಡಗಿದವು. ಅಮ್ಮನ ಐವತ್ತನಾಲ್ಕು. ಅದರ ಕೆಳಗೆ ಇನ್ನೊಬ್ಬಳು, ಅವಳ ಕೆಳಗೆ ಮತ್ತೊಬ್ಬಳು. ಕೊನೆಯವಳಿಗೆ ಮೂವತ್ತೆಂಟು. ಗುರುತುಗಳು ಎದೆ, ಉಸಿರು, ಜ್ವರ, ಎದೆ. ಹನ್ನೊಂದು ಬಹಳ ಸಣ್ಣ ಸಂಖ್ಯೆ. ನಿಮ್ಮ ಕಾಲದ ವಿದ್ವಾಂಸರು ಇಷ್ಟರಿಂದ ಏನನ್ನೂ ಹೇಳಲಾಗದು ಎನ್ನುತ್ತಿದ್ದರು, ಅದು ಸರಿಯೇ. ಆದರೆ ಚಿಕ್ಕಿ ವಿದ್ವಾಂಸೆಯಲ್ಲ. ಬಗ್ಗಿ ಬಹಳ ಹೊತ್ತು ಕೆಳಗಿನ ಗೆರೆಯನ್ನು ನೋಡಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಈ ಗೆರೆ ಮೇಲ್ ನಮ್ ಸೌಪ ಎಲ್ಲ್ ಬತ್ತ್ಳ್?"

ಮುಂದಿನ ಕೂಟಕ್ಕೆ ಅವಳೇ ಬಂದಳು. ಎಲ್ಲರೂ ಕೈಗೋಡೆಯ ಹತ್ತಿರ ಬನ್ನಿ ಎಂದಳು, ಬಂದರು. "ಗುರಿಕಾರ್ರೇ, ಒಂದ್ ಕೈ ತೋರ್ಸ್ ಅಂದ್ರಿ ಅಂಬ್ರ್. ಇಕಾಣಿ" ಎಂದು ಅಂಗೈ ಎತ್ತಿ, ಅಮ್ಮನ ಹೆಂಚಿನ ಅಚ್ಚಿನೊಳಗೆ ಇಟ್ಟಳು. ಅದು ಅಲ್ಲಾಡದೆ ಕೂತಿತು. ತೆಗೆದು ಇನ್ನೊಂದರಲ್ಲಿ ಇಟ್ಟಳು, ಅಲ್ಲೂ ಕೂತಿತು. ಯಾವ ಮನೆಯ ಹೆಸರನ್ನೂ ಬಾಯಲ್ಲಿ ಹೇಳಲಿಲ್ಲ. ಕೈ ಮಾತ್ರ ಹೆಂಚಿನಿಂದ ಹೆಂಚಿಗೆ ಹೋಯಿತು, ಅಲ್ಲಿ ಕೊರೆದ ಇಳಿಯುತ್ತಿದ್ದ ವಯಸ್ಸುಗಳನ್ನು ಜನರೇ ಓದಿಕೊಂಡರು. ನಾಲ್ಕನೆಯದೋ ಐದನೆಯದೋ ಚಂದು ಅವರ ಹೆಂಚು, ಗುರಿಕಾರರ ಹೆಂಡತಿಯದು. ಹೆರಿಯಣ್ಣ ಮುಂದೆ ಬಂದು, "ಅಕ್ಕಣಿ, ಅದಲ್ಲ. ಅದ್ ನಮ್ ಮನಿಯರ್ದ್" ಎಂದರು. ಚಿಕ್ಕಿ ಕೈ ತೆಗೆಯಲಿಲ್ಲ. "ಹೌದ್ ಗುರಿಕಾರ್ರೇ. ನಿಮ್ ಮನಿಯರ್ದೇ" ಎಂದಳು. ಅವರು ಬಗ್ಗಿ ಆ ಹೆಂಚಿನ ಮೇಲಿನ ಹೆಸರನ್ನೂ ವಯಸ್ಸನ್ನೂ ಓದಿದರು. ಆಮೇಲೆ ಮೇಲಿನ ಕೇರಿಯಿಂದ ಇಬ್ಬರು ಮುದುಕಿಯರು ಎದ್ದು ನಿಂತು, ತಮ್ಮ ಅಂಗೈಗಳನ್ನೂ ಎತ್ತಿ ಹಿಡಿದರು. ಹನ್ನೊಂದು ಹನ್ನೊಂದಾಗಿ ಉಳಿಯಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಾಗಿದ್ದರೆ ಇದು ಸಂತೋಷದ ಪತ್ರವಾಗುತ್ತಿತ್ತು. ಗುರಿಕಾರರು ಆ ವಾರವೇ ತಂಪುಗಾಡಿಯವನಿಗೆ ಹೇಳಿದರು. ಮದ್ದಿಗೆ ಜಾಗ ಮಾಡಲು ತಮ್ಮ ಮನೆಯ ನೀರೆತ್ತುವ ಯಂತ್ರವನ್ನು ನಡೆಸುತ್ತಿದ್ದ ಬಿಸಿಲ ಹಲಗೆಯನ್ನೇ ಕಳಚಿ ಗಾಡಿಗೆ ಕೊಟ್ಟರು, ಇನ್ನೊಂದು ಸಣ್ಣ ಪೆಟ್ಟಿಗೆ ನಡೆಯಲಿ ಎಂದು. ಸೌಪ ಅದರ ಮುಚ್ಚಳಕ್ಕೆ ಬಣ್ಣ ಹಚ್ಚಿದಳು. ಗಾಡಿ ಮೂಡಣಕ್ಕೆ ಹೋಗಿ, ಮಳೆ ಮುಗಿದ ಮೇಲೆ ಮರಳಿತು. ಹೊಸ ಪೆಟ್ಟಿಗೆ ಖಾಲಿಯಿತ್ತು. ನಗರದವರು ಹೇಳಿಕಳಿಸಿದ್ದರು: ತಡೆಮದ್ದನ್ನು ಬಹಳ ವರ್ಷಗಳಿಂದ ಯಾವ ಊರೂ ಕೇಳಿರಲಿಲ್ಲ. ಬಿಗಿಯಿಂದ ಸಾಯುವವರಿಲ್ಲವಲ್ಲ ಎಂದು ಎಲ್ಲ ಊರುಗಳೂ ಕೈಬಿಟ್ಟಿದ್ದವು. ಕೇಳುವವರಿಲ್ಲದ ಮೇಲೆ ಹೆಪ್ಪಿಗೆ ದಿನಾ ಉಣಿಸುವವರು ಯಾರು? ಅದು ಸತ್ತಿತು. ಯಾವಾಗ ಸತ್ತಿತು ಎಂಬುದನ್ನೂ ಯಾರೂ ಗಮನಿಸಿರಲಿಲ್ಲ.

ಪ್ರತಿ ಊರಿನಲ್ಲೂ ಒಬ್ಬ ಅಕ್ಕಣಿ ಇದ್ದಿರಬೇಕು. ನಮ್ಮಲ್ಲಿ ಹೆಂಚು, ಬೇರೆ ಕಡೆ ಬೇರೇನೋ. ಸತ್ತವರ ಮೇಲಿನ ಪ್ರೀತಿಯಿಂದ, ಉಳಿದವರ ಮೇಲಿನ ಕರುಣೆಯಿಂದ, ಎಲ್ಲರೂ ಒಂದೊಂದು ಬಾಗಿದ ಕೈಯನ್ನು ನೇರ ಮಾಡಿದ್ದಾರೆ. ಯಾರೂ ಸುಳ್ಳು ಹೇಳುವವರಲ್ಲ. ಎಲ್ಲರೂ ಸೇರಿ ಒಂದು ಕಾಯಿಲೆಯನ್ನು ಸಾವಿನ ಲೆಕ್ಕದಿಂದ ಅಳಿಸಿದರು, ಅದರ ಹಿಂದೆ ಅದರ ಮದ್ದೂ ಅಳಿಯಿತು.

ಈಗ ಸೌಪ ವಾರಕ್ಕೊಮ್ಮೆ ಒಂದು ಸಣ್ಣ ಹಳದಿ ಗುಳಿಗೆ ನುಂಗುತ್ತಾಳೆ. ನಿಮ್ಮ ಕಾಲದಲ್ಲೂ ಅದು ಹಳೆಯದಾಗಿತ್ತು. ಅದಕ್ಕೆ ತಂಪು ಬೇಡ, ಹೆಪ್ಪು ಬೇಡ, ಬೇರೆ ಕಾಯಿಲೆಗೂ ಬೇಕಾಗಿದ್ದರಿಂದ ಉಳಿದುಕೊಂಡಿದೆ. ನುಂಗಿದ ಮರುದಿನ ಅವಳಿಗೆ ವಾಕರಿಕೆ. ಬೆರಳುಗಳು ಸ್ವಲ್ಪ ತಡವಾಗಿ ಬಾಗುತ್ತವೆ, ಬಹುಶಃ ಹೃದಯವೂ ಸ್ವಲ್ಪ ತಡವಾಗಿ ಸೋಲುತ್ತದೆ. ಅವಳ ಚುಕ್ಕೆ ಆ ಕೆಳಗಿನ ಗೆರೆಯ ಮೇಲೆ ಎಲ್ಲಿ ಬೀಳುತ್ತದೆ ಎಂದು ಹೇಳಬಲ್ಲವರು ಇಲ್ಲ. ಅಂಗಳದ ಕಲ್ಲಿನ ಮೇಲಿನ ಇದ್ದಿಲು ಮಳೆಗೆ ಹೋಯಿತು. ನನಗೆ ಮಾತ್ರ ಅಲ್ಲಿ ನಡೆಯುವಾಗ ಕಾಲು ಒಂದು ಕಡೆ ಎತ್ತರಕ್ಕೆ, ಒಂದು ಕಡೆ ಇಳಿಜಾರಿಗೆ ಬಿದ್ದಂತಾಗುತ್ತದೆ.

ಅಕ್ಕಣಿ ಚಿಕ್ಕಿ ಈ ಬೇಸಿಗೆಯ ಮೊದಲಲ್ಲಿ ಹೋದಳು, ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಅವಳ ಕೈ ನೇರವಾಗಿಯೇ ಇತ್ತು. ಹಸಿ ಹೆಂಚಿನ ಮೇಲೆ ಅದನ್ನು ಒತ್ತುವಾಗ ಒಳಗೆ ನಾನಿದ್ದೆ. ಹನ್ನೆರಡನೆಯ ಅಚ್ಚು, ಒಂದೇ ಒಂದು ನಿಜವಾದದ್ದು. ಉಳಿದ ಹನ್ನೊಂದನ್ನು ಗೋಡೆಯಿಂದ ತೆಗೆಯಬೇಕೇ ಎಂಬ ಮಾತು ಕೂಟದಲ್ಲಿ ಬಂತು. ಹೆರಿಯಣ್ಣ ಬೇಡವೆಂದರು. ಈಗಲೂ ಅವರು ಚಂದು ಅವರ ದಿನ ಬಂದು ಕೈ ಇಡುತ್ತಾರೆ. ಯಾರ ಕೈಯನ್ನು ಮುಟ್ಟುತ್ತಿದ್ದೇನೆಂದು ತಿಳಿದೇ ಇಡುತ್ತಾರೆ. ಒಂದು ಹೊಸ ಗುರುತನ್ನು ಮಾತ್ರ ಕೂಟ ಒಪ್ಪಿತು: ಎದೆಯ ಚುಕ್ಕೆಯ ಪಕ್ಕ, ಉಸಿರಿನ ಅಲೆಯ ಪಕ್ಕ, ಬಾಗಿದ ಐದು ಸಣ್ಣ ಗೆರೆ. ಅಮ್ಮನ ಹೆಂಚಿನ ಮೇಲೆ ಅದನ್ನು ಸೌಪ ಕೊರೆದಳು. ಉಳಿ ಹಿಡಿಯಲು ಅವಳ ಬೆರಳುಗಳಿಗೆ ಇನ್ನೂ ಬಲವಿದೆ. ನಮಗೆ ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ.

ಇನ್ನು ನನ್ನ ಬೇಡಿಕೆ. ನಿಮ್ಮಲ್ಲಿ ಯಾರೋ ಒಬ್ಬರು, ವೈದ್ಯರಿರಬಹುದು, ಇವತ್ತು ಯಾವುದೋ ಹೆಂಗಸಿನ ಸಾವಿನ ಕಾರಣ ಬರೆಯಲು ಕೂತಿದ್ದೀರಿ. ಹೃದಯ ನಿಂತಿತು ಎಂದು ಬರೆಯುತ್ತೀರಿ, ಅದು ಸುಳ್ಳಲ್ಲ. ಬರೆಯುವ ಮೊದಲು ಹೊದಿಕೆ ಸರಿಸಿ ಅವಳ ಕೈಗಳನ್ನು ನೋಡಿ. ಬೆರಳುಗಳು ಬಾಗಿದ್ದರೆ, ಮಣಿಕಟ್ಟು ಊದಿದ್ದರೆ, ಇನ್ನೊಂದು ಪದ ಸೇರಿಸಿ. ನಿಮ್ಮ ಕಾಲದ ಗೆರೆಗಳು ಹತ್ತಿರವಾಗುತ್ತಿವೆ ಎಂದು ತಿಳಿದ ದಿನ ಸಂತೋಷಪಡಿ, ಹಬ್ಬ ಮಾಡಿ, ಎಣಿಸುವುದನ್ನು ಮಾತ್ರ ನಿಲ್ಲಿಸಬೇಡಿ. ಅವು ತಾಗಿದ ಮೇಲೂ ಎಣಿಸಿ. ನೂರೈವತ್ತು ವರ್ಷದ ಆಚೆ ಒಬ್ಬಳು ಹುಡುಗಿ ಬೆಳಗ್ಗೆ ಮರಳಿನ ಚೀಲದ ನಡುವೆ ಕೈಯಿಟ್ಟು ಕೂತಿದ್ದಾಳೆ. ಅವಳ ಮದ್ದಿನ ಹೆಪ್ಪು ನಿಮ್ಮ ಆ ಒಂದು ಪದವನ್ನು ಉಂಡು ಬದುಕುತ್ತದೆ.

ನನ್ನ ಉಸಿರು ಈಚೆಗೆ ಚಿಕ್ಕದಾಗಿದೆ. ಈ ಪತ್ರವನ್ನು ಒಂದು ಪುಟಕ್ಕೆ ಒಂದು ಬೆಳಗಿನಂತೆ ಬರೆದಿದ್ದೇನೆ, ಲೇಖನಿಯನ್ನು ಬಟ್ಟೆಯಿಂದ ಕೈಗೆ ಕಟ್ಟಿಕೊಂಡು. ಸೌಪಳಿಗೆ ಹೇಳಿಟ್ಟಿದ್ದೇನೆ. ಆ ದಿನ ಅವಳು ಹೊರಗೆ ನಿಲ್ಲಬಾರದು, ಒಳಗಿರಬೇಕು. ಯಾರನ್ನೂ ಕರೆಯಬಾರದು. ಎಣ್ಣೆ ಹಾಕಬಾರದು, ತಿಕ್ಕಬಾರದು, ಬಿಡಿಸಬಾರದು. ಈ ಕೈ ಹೇಗಿದೆಯೋ ಹಾಗೆ, ಗೆಣ್ಣು ಮೇಲಾಗಿ, ಬೆರಳು ಒಳಗಾಗಿ, ಹಸಿ ಮಣ್ಣಿಗೆ ಒತ್ತಬೇಕು. ಅವಳು ಒಪ್ಪಿದ್ದಾಳೆ. ಅತ್ತು ಒಪ್ಪಿದಳು.

ಗೋಡೆಯ ಮೇಲೆ ಅದು ಚೆನ್ನಾಗಿ ಕಾಣುವುದಿಲ್ಲ. ಮಕ್ಕಳು ಹೆದರಬಹುದು. ನೇರ ಬೆರಳಿನ ಯಾರೂ ಅದರೊಳಗೆ ಕೈ ಇಡಲಾರರು. ವರ್ಷಕ್ಕೊಮ್ಮೆ ಸೌಪ ಬಂದು ಇಡುತ್ತಾಳೆ. ಮೊದಮೊದಲು ಅವಳದೂ ಕೂರುವುದಿಲ್ಲ. ಅದು ಎಂದೂ ಕೂರದೆ ಇರಲಿ.

ವಾರಾಹಿ